ಪರೇಲ್‌ನಲ್ಲಿ ಮನೆ ತೋರಿಸುವ ಏಜೆಂಟ್‌ಗೆ ಎಂಥ ವೆಬ್‌ಸೈಟ್ ಬೇಕು? ಹೋಮ್‌ಪೇಜ್‌ನಲ್ಲಿ ಇರಲೇಬೇಕಾದ ಅಂಶಗಳಿವು

ಮುಂಬೈನಲ್ಲಿ ಮನೆ ಹುಡುಕುವವರು ಈಗ ಬ್ರೋಕರ್ ಅಂಗಡಿಯ ಮೆಟ್ಟಿಲು ಹತ್ತುವ ಮೊದಲು ಫೋನ್ ತೆರೆಯುತ್ತಾರೆ. ಏಜೆಂಟ್‌ನ ಹೆಸರು ಟೈಪ್ ಮಾಡುತ್ತಾರೆ, ವೆಬ್‌ಸೈಟ್ ಇದ್ದರೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಅಲ್ಲಿ ಬೇಕಾದ್ದು ಸಿಕ್ಕರೆ ಕರೆ ಮಾಡುತ್ತಾರೆ, ಸಿಗದಿದ್ದರೆ ಹಿಂದಕ್ಕೆ ಹೋಗಿ ಇನ್ನೊಬ್ಬರನ್ನು ನೋಡುತ್ತಾರೆ. ಇಡೀ ಜೀವಮಾನದ ಉಳಿತಾಯ ಹಾಕುವ ವ್ಯವಹಾರದ ಮೊದಲ ತೀರ್ಮಾನ ಹೀಗೆ ಕೆಲವೇ ಕ್ಷಣಗಳಲ್ಲಿ ಆಗಿಬಿಡುತ್ತದೆ.

ಆದರೆ ಎಷ್ಟೋ ಏಜೆಂಟರ ಹೋಮ್‌ಪೇಜ್‌ಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಮೇಲೆ ತಾನಾಗಿಯೇ ಬದಲಾಗುವ ಐದಾರು ದೊಡ್ಡ ಚಿತ್ರಗಳು, 'ನಿಮ್ಮ ಕನಸಿನ ಮನೆ ಇಲ್ಲಿದೆ' ಎಂಬ ಸಾಲು, ಅದರ ಕೆಳಗೆ ಹೆಸರು-ಫೋನ್ ನಂಬರ್ ಕೇಳುವ ಪೆಟ್ಟಿಗೆ. ಮನೆ ಯಾವ ಏರಿಯಾದಲ್ಲಿದೆ, ಬೆಲೆ ಎಷ್ಟು, ಏಜೆಂಟ್ ನೋಂದಾಯಿತರೇ ಎಂಬ ಪ್ರಶ್ನೆಗಳಿಗೆ ಉತ್ತರವೇ ಇರುವುದಿಲ್ಲ.

ಹಾಗಾದರೆ ಒಳ್ಳೆಯ ಹೋಮ್‌ಪೇಜ್ ಹೇಗಿರಬೇಕು? ಒಂದೇ ಮಾತಿನಲ್ಲಿ ಹೇಳುವುದಾದರೆ, ಏಜೆಂಟ್ ಹೇಳಿದ್ದನ್ನು ಗ್ರಾಹಕ ತಾನೇ ಪರಿಶೀಲಿಸಿಕೊಳ್ಳುವಂತಿರಬೇಕು. ಇದನ್ನು ವಿವರಿಸಲು ಮುಂಬೈನ ಪರೇಲ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಯಾಕೆ ಅನ್ನೋದನ್ನು ನೋಡೋಣ ಬನ್ನಿ.

ಪರೇಲ್ ಎಂದರೆ ಯಾವ ಪರೇಲ್?

ಪರೇಲ್ ಹಿಂದೆ ಹತ್ತಿ ಗಿರಣಿಗಳ ಊರು. ಲಾಲ್‌ಬಾಗ್, ಲೋವರ್ ಪರೇಲ್, ವರ್ಲಿ, ಶಿವಡಿ ಸೇರಿದ ಈ ಭಾಗವನ್ನು ಮರಾಠಿಯಲ್ಲಿ ಗಿರಣಗಾಂವ್ ಎಂದೇ ಕರೆಯುತ್ತಾರೆ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಶುರುವಾದ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಂದೆ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳು ಗಿರಣಿ ಜಾಗದ ಮರುಬಳಕೆಗೆ ದಾರಿ ಮಾಡಿಕೊಟ್ಟವು. ಇವತ್ತು ಅಲ್ಲಿ ಮಾಲ್‌ಗಳು, ಕಚೇರಿಗಳು, ಗಗನಚುಂಬಿ ವಸತಿ ಗೋಪುರಗಳಿವೆ. ಅದೇ ಗೋಪುರದ ನೆರಳಿನಲ್ಲಿ ನೂರು ವರ್ಷದ ಚಾಳ್‌ಗಳೂ ಇವೆ.

ಹೀಗಾಗಿ ಒಂದೇ ರಸ್ತೆಯಲ್ಲಿ ಹಲವು ಕೋಟಿಯ ಫ್ಲ್ಯಾಟ್, ಪಗ್ಡಿ ಪದ್ಧತಿಯ ಕೋಣೆ, ಮ್ಹಾಡಾ ಮನೆ, ಮರುಅಭಿವೃದ್ಧಿಗೆ ಕಾಯುತ್ತಿರುವ ಹಳೆಯ ಕಟ್ಟಡ ಎಲ್ಲವೂ ಮಾರಾಟಕ್ಕೋ ಬಾಡಿಗೆಗೋ ಸಿಗುತ್ತವೆ. ಹೆಸರಿನ ಗೊಂದಲ ಬೇರೆ. ಪರೇಲ್ ನಿಲ್ದಾಣ ಇರುವುದು ಸೆಂಟ್ರಲ್ ರೈಲ್ವೆಯಲ್ಲಿ, ಲೋವರ್ ಪರೇಲ್ ಇರುವುದು ವೆಸ್ಟರ್ನ್ ರೈಲ್ವೆಯಲ್ಲಿ. ಪರೇಲ್ ನಿಲ್ದಾಣದ ಪಕ್ಕದಲ್ಲೇ ಇರುವ ವೆಸ್ಟರ್ನ್ ಲೈನ್ ನಿಲ್ದಾಣದ ಹೆಸರು ಪ್ರಭಾದೇವಿ. 2018ರವರೆಗೆ ಅದು ಎಲ್ಫಿನ್‌ಸ್ಟನ್ ರೋಡ್ ಆಗಿತ್ತು. ಪಿನ್‌ಕೋಡ್ ಕೂಡ ಬೇರೆ ಬೇರೆ: ಪರೇಲ್‌ಗೆ 400012, ಲೋವರ್ ಪರೇಲ್‌ಗೆ 400013, ಪ್ರಭಾದೇವಿಗೆ 400025, ಶಿವಡಿಗೆ 400015.

ಜಾಹೀರಾತುಗಳಲ್ಲಿ ಮಾತ್ರ ಪರೇಲ್ ಎಂಬ ಹೆಸರು ರಬ್ಬರ್‌ನಂತೆ ಹಿಗ್ಗುತ್ತದೆ. ಶಿವಡಿಯ ಮನೆ ಪರೇಲ್ ಆಗುತ್ತದೆ, ಪರೇಲ್‌ನ ಮನೆ 'ಸೌತ್ ಮುಂಬೈ' ಆಗುತ್ತದೆ. ಊರು ಗೊತ್ತಿಲ್ಲದವರು ಮೋಸ ಹೋಗುವುದು ಇಲ್ಲೇ. ಹಾಗಾಗಿ ಪ್ರಾಮಾಣಿಕ ಏಜೆಂಟ್ ತನ್ನ ಹೋಮ್‌ಪೇಜ್‌ನಲ್ಲಿ ಮೊದಲು ಹೇಳಬೇಕಾದ್ದು ತಾನು ಕೆಲಸ ಮಾಡುವ ಏರಿಯಾ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು.

ಮೊದಲ ಪರದೆಯಲ್ಲಿ ನಾಲ್ಕು ಉತ್ತರ

ಫೋನ್‌ನಲ್ಲಿ ಪುಟ ತೆರೆದಾಗ, ಬೆರಳಿನಿಂದ ಕೆಳಗೆ ಸರಿಸುವ ಮೊದಲೇ ಕಾಣುವ ಭಾಗವೇ ಮೊದಲ ಪರದೆ. ಅಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಸಿಗಬೇಕು. ನೀವು ಯಾರು? ಯಾವ ಏರಿಯಾದಲ್ಲಿ ಕೆಲಸ ಮಾಡುತ್ತೀರಿ? ಏನು ಮಾಡಿಕೊಡುತ್ತೀರಿ? ನಿಮ್ಮನ್ನು ನಂಬುವುದು ಹೇಗೆ?

'ಕನಸಿನ ಮನೆ' ಎಂಬ ಸಾಲಿನ ಬದಲು 'ಪರೇಲ್, ಲಾಲ್‌ಬಾಗ್, ಶಿವಡಿಯಲ್ಲಿ ಮನೆ ಮಾರಾಟ, ಖರೀದಿ, ಬಾಡಿಗೆ' ಎಂದು ಬರೆದರೆ ಸಾಕು. ಓದಿದವರಿಗೆ ತಾವು ಸರಿಯಾದ ಜಾಗಕ್ಕೆ ಬಂದಿದ್ದೇವೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಗೂಗಲ್‌ಗೂ ಗೊತ್ತಾಗುತ್ತದೆ. 'ಪರೇಲ್‌ನಲ್ಲಿ 1 ಬಿಎಚ್‌ಕೆ ಬಾಡಿಗೆ' ಎಂದು ಹುಡುಕುವವರಿಗೆ ಕನಸಿನ ಸಾಲು ಯಾವ ಉಪಯೋಗಕ್ಕೂ ಬರುವುದಿಲ್ಲ.

ಅದರ ಕೆಳಗೆ ಏಜೆಂಟ್‌ನ ಹೆಸರು, ಫೋಟೊ, ಕಚೇರಿಯ ವಿಳಾಸ ಮತ್ತು ಮಹಾರೇರಾ ನೋಂದಣಿ ಸಂಖ್ಯೆ ಇರಲಿ. ಫೋಟೊ ಏಜೆಂಟ್‌ನದ್ದೇ ಆಗಿರಬೇಕು. ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕೋಟು ತೊಟ್ಟ ವಿದೇಶಿಯರ ನಗುಮುಖ ಹಾಕಿದರೆ ನಂಬಿಕೆ ಬರುವ ಬದಲು ಅನುಮಾನ ಬರುತ್ತದೆ.

ಚಿತ್ರ ಒಂದೇ ಸಾಕು, ಅದೂ ನಿಜವಾದ ಜಾಗದ್ದು. ತಾನಾಗಿಯೇ ಜಾರುವ ಚಿತ್ರಗಳಿಂದ ಎರಡು ತೊಂದರೆ. ಓದುವಷ್ಟರಲ್ಲಿ ಸಾಲು ಮಾಯವಾಗುತ್ತದೆ, ಪುಟವೂ ಭಾರವಾಗುತ್ತದೆ.

ನೋಂದಣಿ ಸಂಖ್ಯೆ ಅಲಂಕಾರಕ್ಕಲ್ಲ

ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಅಂದರೆ ರೇರಾ, 2016ರಲ್ಲಿ ಬಂತು. ಮಹಾರಾಷ್ಟ್ರದಲ್ಲಿ ಮಹಾರೇರಾ ಪ್ರಾಧಿಕಾರ 2017ರ ಮೇ ತಿಂಗಳಿನಿಂದ ಕೆಲಸ ಮಾಡುತ್ತಿದೆ. ಕಾಯ್ದೆಯ 9ನೇ ಕಲಂ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ರೇರಾ ನೋಂದಾಯಿತ ಯೋಜನೆಯ ಮನೆ ಮಾರಾಟದಲ್ಲಿ ಮಧ್ಯಸ್ಥಿಕೆ ವಹಿಸುವಂತಿಲ್ಲ. ತಾನು ಮಾಡಿಸಿದ ಪ್ರತಿ ಮಾರಾಟದಲ್ಲೂ ಆ ಸಂಖ್ಯೆಯನ್ನು ನಮೂದಿಸಬೇಕು. ನಿಯಮ ಮೀರಿದರೆ ದಿನಕ್ಕೆ 10 ಸಾವಿರ ರೂಪಾಯಿಯಂತೆ, ಆ ಮನೆಯ ಬೆಲೆಯ ಶೇ 5ರವರೆಗೂ ದಂಡ ಬೀಳಬಹುದು.

ಮಹಾರೇರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯದ ಸುಮಾರು 20 ಸಾವಿರ ಏಜೆಂಟರ ನೋಂದಣಿಯನ್ನು 2024ರಲ್ಲಿ ಅಮಾನತಿನಲ್ಲಿ ಇಟ್ಟಿತು. ಅಂದರೆ ಹಿಂದೆ ಯಾವಾಗಲೋ ಪಡೆದ ಸಂಖ್ಯೆ ಇವತ್ತೂ ಚಾಲ್ತಿಯಲ್ಲಿದೆ ಎಂದು ಹೇಳಲಾಗದು. ಗ್ರಾಹಕ ಪರಿಶೀಲಿಸಲೇಬೇಕು.

ಇಲ್ಲಿ ಹೋಮ್‌ಪೇಜ್ ವಿನ್ಯಾಸದ ಪಾತ್ರ ಬರುತ್ತದೆ. ಸಂಖ್ಯೆಯನ್ನು ಪುಟದ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಅಡಗಿಸಿಡುವುದೂ ಒಂದೇ, ಹಾಕದಿರುವುದೂ ಒಂದೇ. ಮೇಲ್ಭಾಗದಲ್ಲಿ ಓದುವಂತೆ ಬರೆದು, ಒತ್ತಿದರೆ ಮಹಾರೇರಾ ವೆಬ್‌ಸೈಟ್‌ಗೆ ಹೋಗುವಂತೆ ಲಿಂಕ್ ಕೊಡಬೇಕು. ಸಂಖ್ಯೆಯನ್ನು ಚಿತ್ರವಾಗಿ ಹಾಕದೆ ಅಕ್ಷರವಾಗಿಯೇ ಹಾಕಿದರೆ ಗ್ರಾಹಕ ಅದನ್ನು ಕಾಪಿ ಮಾಡಿ ಹುಡುಕಬಹುದು.

ಹೊಸ ಯೋಜನೆಯ ಮನೆಗಳಿದ್ದರೆ ಏಜೆಂಟ್‌ನ ಸಂಖ್ಯೆಯ ಜೊತೆ ಆ ಯೋಜನೆಯ ನೋಂದಣಿ ಸಂಖ್ಯೆಯೂ ಬೇಕು. ಇವೆರಡೂ ಬೇರೆ ಬೇರೆ. ನೋಂದಣಿಯೇ ಆಗದ ಯೋಜನೆಯನ್ನು 'ಪ್ರೀ-ಲಾಂಚ್' ಎಂದು ಹೋಮ್‌ಪೇಜ್‌ನಲ್ಲಿ ಹಾಕುವುದು ಕಾಯ್ದೆಯ ಉಲ್ಲಂಘನೆ. ವೆಬ್‌ಸೈಟ್ ನಮ್ಮ ಸ್ವಂತದ್ದು, ಜಾಹೀರಾತು ಅಲ್ಲ ಎಂಬ ವಾದ ನಡೆಯುವುದಿಲ್ಲ, ಏಕೆಂದರೆ ಕಾಯ್ದೆಯಲ್ಲಿ ಜಾಹೀರಾತು ಎಂಬ ಪದ ಯಾವುದೇ ಮಾಧ್ಯಮದ ಪ್ರಚಾರಕ್ಕೂ ಅನ್ವಯಿಸುತ್ತದೆ.

ಯೋಜನೆಗಳ ಜಾಹೀರಾತಿನಲ್ಲಿ ಕ್ಯೂಆರ್ ಕೋಡ್ ಇರಬೇಕೆಂದು ಮಹಾರೇರಾ 2023ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿದೆ. ಪತ್ರಿಕೆ, ಬ್ಯಾನರ್‌ಗಳಲ್ಲಿ ಇದು ಬಹಳ ಉಪಯುಕ್ತ. ಆದರೆ ಫೋನ್‌ನಲ್ಲಿ ಪುಟ ನೋಡುತ್ತಿರುವವರು ಅದೇ ಫೋನ್‌ನ ಕ್ಯಾಮೆರಾದಿಂದ ಆ ಕೋಡ್ ಸ್ಕ್ಯಾನ್ ಮಾಡುವುದು ಹೇಗೆ? ಹಾಗಾಗಿ ವೆಬ್‌ಪುಟದಲ್ಲಿ ಕೋಡ್ ಜೊತೆಗೆ ಒತ್ತಬಹುದಾದ ಲಿಂಕ್ ಕೂಡ ಇರಲಿ. ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಪರಿಶೀಲನೆ ಸುಲಭವಾಗುವುದೇ ಇಂಥ ಚಿಕ್ಕ ವಿಷಯಗಳಿಂದ.

ಬರುವವರು ಒಂದೇ ಥರದವರಲ್ಲ

ಪರೇಲ್‌ನ ಏಜೆಂಟ್ ಬಳಿ ಕನಿಷ್ಠ ನಾಲ್ಕು ಬಗೆಯ ಜನ ಬರುತ್ತಾರೆ. ಮನೆ ಕೊಳ್ಳುವವರು, ಬಾಡಿಗೆಗೆ ಹುಡುಕುವವರು, ತಮ್ಮ ಮನೆ ಮಾರಲು ಅಥವಾ ಬಾಡಿಗೆಗೆ ಕೊಡಲು ಬಯಸುವವರು, ಮತ್ತು ಆಸ್ಪತ್ರೆಗೆಂದು ಬಂದವರು.

ನಾಲ್ಕನೆಯವರನ್ನು ಮರೆಯುವಂತಿಲ್ಲ. 1926ರಲ್ಲಿ ಶುರುವಾದ ಕೆಇಎಂ ಆಸ್ಪತ್ರೆ, 1941ರಲ್ಲಿ ಬಾಗಿಲು ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆ, ತಾಯಂದಿರಿಗೂ ಮಕ್ಕಳಿಗೂ ಇರುವ ವಾಡಿಯಾ ಆಸ್ಪತ್ರೆಗಳು ಪರೇಲ್‌ನಲ್ಲೇ ಇವೆ. ಕರ್ನಾಟಕ ಸೇರಿದಂತೆ ಹಲವು ರಾಜ್ಯಗಳಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. ಕ್ಯಾನ್ಸರ್ ಚಿಕಿತ್ಸೆ ಎಂದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯಬೇಕಾದ ಸ್ಥಿತಿ. ಅಂಥ ಕುಟುಂಬ ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯ ವರಾಂಡದಲ್ಲಿ ಕೂತು 'ಟಾಟಾ ಆಸ್ಪತ್ರೆ ಹತ್ತಿರ ರೂಮ್' ಎಂದು ಹುಡುಕುತ್ತಿರುತ್ತದೆ. ಅವರಿಗೆ ಸಮುದ್ರ ಕಾಣುವ ಫ್ಲ್ಯಾಟ್‌ನ ವಿಡಿಯೊ ಬೇಡ. ಬಾಡಿಗೆ ಎಷ್ಟು, ಠೇವಣಿ ಎಷ್ಟು, ಲಿಫ್ಟ್ ಇದೆಯೇ, ಅಡುಗೆ ಮಾಡಿಕೊಳ್ಳಬಹುದೇ, ಆಸ್ಪತ್ರೆಗೆ ನಡೆದು ಹೋಗಬಹುದೇ ಎಂಬುದಷ್ಟೇ ಬೇಕು.

ಹಾಗಾಗಿ ಮೊದಲ ಪರದೆಯಲ್ಲೇ ನಾಲ್ಕು ದೊಡ್ಡ ಬಟನ್ ಇರಲಿ: 'ಕೊಳ್ಳಲು', 'ಬಾಡಿಗೆಗೆ', 'ನಿಮ್ಮ ಮನೆ ಮಾರಲು', 'ಆಸ್ಪತ್ರೆ ಹತ್ತಿರ ತಾತ್ಕಾಲಿಕ ಬಾಡಿಗೆ'. ನಾಲ್ಕನೆಯದರ ಒಳಗೆ, ಆಸ್ಪತ್ರೆಯ ವೈದ್ಯಕೀಯ ಸಮಾಜ ಸೇವಾ ವಿಭಾಗವನ್ನು ಮೊದಲು ವಿಚಾರಿಸಿ, ದಾದರ್‌ನ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಕಡೆ ಕಡಿಮೆ ಖರ್ಚಿನಲ್ಲಿ ಉಳಿಯಬಹುದು ಎಂದೂ ತಿಳಿಸಬಹುದು. ಇದರಿಂದ ಒಂದೆರಡು ಗಿರಾಕಿ ತಪ್ಪಬಹುದು. ಆದರೆ ಕಷ್ಟದಲ್ಲಿದ್ದಾಗ ಸರಿದಾರಿ ತೋರಿಸಿದವರ ಹೆಸರನ್ನು ಜನ ನಾಲ್ಕು ಮಂದಿಗೆ ಹೇಳುತ್ತಾರೆ.

ಮುಂಗಡ ಹಣದ ವಂಚನೆಗೂ ಸುಲಭವಾಗಿ ಸಿಕ್ಕಿಬೀಳುವುದು ಇಂಥವರೇ. ಮನೆ ತೋರಿಸುವ ಮೊದಲೇ 'ಟೋಕನ್' ಕಳಿಸಿ ಎನ್ನುವುದು ಹಳೆಯ ತಂತ್ರ. 'ಮನೆ ತೋರಿಸುವ ಮುನ್ನ ನಾವು ಯಾವುದೇ ಹಣ ಕೇಳುವುದಿಲ್ಲ' ಎಂಬ ಒಂದು ಸಾಲು ಹೋಮ್‌ಪೇಜ್‌ನಲ್ಲಿ ಎದ್ದು ಕಾಣುವಂತಿರಲಿ.

ಒಂದು ಮನೆ, ಒಂದು ಕಾರ್ಡ್, ಎಂಟು ವಿವರ

ಹೋಮ್‌ಪೇಜ್‌ನಲ್ಲಿ ಐವತ್ತು ಮನೆ ತೋರಿಸುವ ಅಗತ್ಯ ಇಲ್ಲ. ಆ ಕೆಲಸಕ್ಕೆ 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್, ಹೌಸಿಂಗ್‌ನಂಥ ದೊಡ್ಡ ಪೋರ್ಟಲ್‌ಗಳಿವೆ. ಸಂಖ್ಯೆಯಲ್ಲಿ ಅವುಗಳ ಜೊತೆ ಪೈಪೋಟಿ ಮಾಡಲು ಒಬ್ಬ ಏಜೆಂಟ್‌ಗೆ ಸಾಧ್ಯವಿಲ್ಲ. ಆದರೆ ತನ್ನ ಗಲ್ಲಿಯ ಕಟ್ಟಡಗಳ ಬಗ್ಗೆ ಅವನಿಗೆ ಗೊತ್ತಿರುವಷ್ಟು ಯಾವ ಪೋರ್ಟಲ್‌ಗೂ ಗೊತ್ತಿರುವುದಿಲ್ಲ. ಆರೇಳು ಮನೆಗಳನ್ನು ಪೂರ್ತಿ ವಿವರದೊಂದಿಗೆ ಹಾಕಿದರೆ ಸಾಕು.

ಪ್ರತಿ ಮನೆಯ ಕಾರ್ಡ್‌ನಲ್ಲಿ ಈ ಎಂಟು ವಿವರ ಇರಲಿ: ಬೆಲೆ ಅಥವಾ ಬಾಡಿಗೆ, ಕಾರ್ಪೆಟ್ ಏರಿಯಾ, ಹತ್ತಿರದ ನಿಲ್ದಾಣ, ಮಾಲೀಕತ್ವದ ಬಗೆ, ಎಷ್ಟನೇ ಮಹಡಿ ಮತ್ತು ಲಿಫ್ಟ್, ಒಸಿ ಸಿಕ್ಕಿದೆಯೇ, ಮಾಸಿಕ ನಿರ್ವಹಣಾ ಶುಲ್ಕ, ಮತ್ತು ಈ ಮಾಹಿತಿ ಪರಿಶೀಲಿಸಿದ ದಿನಾಂಕ.

ಕಾರ್ಪೆಟ್ ಏರಿಯಾ ಯಾಕೆ ಮುಖ್ಯ? ರೇರಾ ಪ್ರಕಾರ ಕಾರ್ಪೆಟ್ ಎಂದರೆ ಮನೆಯೊಳಗೆ ನಿಜವಾಗಿ ಬಳಸಬಹುದಾದ ಜಾಗ. ಒಳಗಿನ ಗೋಡೆಗಳು ಇದರಲ್ಲಿ ಸೇರುತ್ತವೆ. ಹೊರಗೋಡೆ, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಒಂದು ಲೆಕ್ಕ ನೋಡಿ. 2 ಕೋಟಿ ರೂಪಾಯಿಯ ಮನೆಯನ್ನು ಸೂಪರ್ ಬಿಲ್ಟ್‌ಅಪ್ 900 ಚದರಡಿ ಎಂದು ತೋರಿಸಿದರೆ ಚದರಡಿಗೆ ಸುಮಾರು 22,200 ರೂಪಾಯಿ. ಅದೇ ಮನೆಯ ಕಾರ್ಪೆಟ್ 580 ಚದರಡಿ ಇದ್ದರೆ ಚದರಡಿಗೆ ಸುಮಾರು 34,500 ರೂಪಾಯಿ. ಮನೆ ಒಂದೇ, ಬೆಲೆ ಒಂದೇ, ಆದರೆ ಓದುವವರಿಗೆ ಸಿಗುವ ಚಿತ್ರವೇ ಬೇರೆ. ಕಾರ್ಪೆಟ್ ಲೆಕ್ಕ ಕೊಡುವ ಹೋಮ್‌ಪೇಜ್‌ನಲ್ಲಿ ಬೆಲೆ ದುಬಾರಿ ಅನ್ನಿಸಬಹುದು. ಆದರೂ ಅದೇ ಸರಿಯಾದ ಲೆಕ್ಕ.

ಮಾಲೀಕತ್ವದ ಬಗೆ ಪರೇಲ್‌ನಲ್ಲಿ ಇನ್ನೂ ಮುಖ್ಯ. ಪಗ್ಡಿ ಎಂದರೆ ಒಂದು ದೊಡ್ಡ ಮೊತ್ತ ಕೊಟ್ಟು, ತಿಂಗಳಿಗೆ ತೀರಾ ಕಡಿಮೆ ಬಾಡಿಗೆ ಕಟ್ಟುತ್ತಾ ಬಾಡಿಗೆದಾರನಾಗಿ ಉಳಿಯುವ ಪದ್ಧತಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಇದಕ್ಕೆ ಮಾನ್ಯತೆ ಇದೆ. ಆದರೆ ಇಲ್ಲಿ ಕೊಳ್ಳುವವರಿಗೆ ಸಿಗುವುದು ಬಾಡಿಗೆದಾರಿಕೆಯ ಹಕ್ಕು, ಮನೆಯ ಮಾಲೀಕತ್ವ ಅಲ್ಲ. ಮುಂದೆ ಇನ್ನೊಬ್ಬರಿಗೆ ವರ್ಗಾಯಿಸುವಾಗ ಕಟ್ಟಡದ ಮಾಲೀಕರಿಗೆ ಒಂದು ಪಾಲು ಕೊಡುವುದು ರೂಢಿ. ಬ್ಯಾಂಕ್ ಸಾಲವೂ ಸುಲಭವಾಗಿ ಸಿಗುವುದಿಲ್ಲ. 'ಪರೇಲ್‌ನಲ್ಲಿ ಅಗ್ಗದ ಮನೆ' ಎಂದು ಮಾತ್ರ ಬರೆದು ಪಗ್ಡಿ ಎಂಬ ಪದವನ್ನು ಬಿಟ್ಟರೆ ಅದು ಅರ್ಧ ಸತ್ಯ. ಆ ಪದವನ್ನು ಬೆಲೆಯ ಪಕ್ಕದಲ್ಲೇ ಬರೆದು, ಎರಡು ಸಾಲಿನ ವಿವರಣೆ ಕೊಡುವುದು ಏಜೆಂಟ್‌ನ ಕರ್ತವ್ಯ. ಹಳೆಯ ಕಟ್ಟಡವಾದರೆ ಮ್ಹಾಡಾಗೆ ದುರಸ್ತಿ ಸೆಸ್ ಕಟ್ಟುವ ಕಟ್ಟಡವೇ, ಮರುಅಭಿವೃದ್ಧಿ ಯಾವ ಹಂತದಲ್ಲಿದೆ ಎಂಬುದನ್ನೂ ಹಾಕಬೇಕು.

ಪರಿಶೀಲಿಸಿದ ದಿನಾಂಕ ಯಾಕೆ? ಯಾವಾಗಲೋ ಮಾರಾಟವಾದ ಅಗ್ಗದ ಮನೆಯನ್ನು ಪುಟದಲ್ಲಿ ಉಳಿಸಿಕೊಂಡು, ಕರೆ ಬಂದಾಗ 'ಅದು ಹೋಯ್ತು, ಇನ್ನೊಂದಿದೆ, ಸ್ವಲ್ಪ ಜಾಸ್ತಿ' ಎನ್ನುವುದು ಈ ಧಂದೆಯ ಹಳೆಯ ಗಾಳ. ಮಾರಾಟವಾದದ್ದಕ್ಕೆ 'ಮಾರಾಟವಾಗಿದೆ' ಎಂಬ ಪಟ್ಟಿ ಅಂಟಿಸಿ, ಪ್ರತಿ ಕಾರ್ಡ್ ಮೇಲೂ ದಿನಾಂಕ ಹಾಕಿದರೆ ನೋಡುವವರಿಗೆ ಧೈರ್ಯ ಬರುತ್ತದೆ.

ಒಟ್ಟು ಖರ್ಚು ಎಷ್ಟು? ಮೊದಲೇ ಹೇಳಿ

ಮನೆಯ ಬೆಲೆಯೇ ಕೊನೆಯ ಬೆಲೆ ಅಲ್ಲ. ಮುಂಬೈನಲ್ಲಿ ಮುದ್ರಾಂಕ ಶುಲ್ಕ ಮೆಟ್ರೊ ಸೆಸ್ ಸೇರಿ ಶೇ 6. ಮಹಿಳೆಯ ಹೆಸರಿನಲ್ಲಿ ವಸತಿ ಮನೆ ಕೊಂಡರೆ ಶೇ 1ರ ರಿಯಾಯಿತಿ ಇದೆ. ನೋಂದಣಿ ಶುಲ್ಕಕ್ಕೆ ಗರಿಷ್ಠ 30 ಸಾವಿರ ರೂಪಾಯಿಯ ಮಿತಿ ಇದೆ. ನಿರ್ಮಾಣ ಹಂತದ ಮನೆಗೆ ಶೇ 5 ಜಿಎಸ್‌ಟಿ, ಕೈಗೆಟಕುವ ದರದ ವರ್ಗಕ್ಕೆ ಶೇ 1. ಒಸಿ ಸಿಕ್ಕ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ.

ಅಂದರೆ ನಿರ್ಮಾಣ ಹಂತದಲ್ಲಿರುವ 2 ಕೋಟಿಯ ಫ್ಲ್ಯಾಟ್‌ಗೆ 12 ಲಕ್ಷ ಮುದ್ರಾಂಕ ಶುಲ್ಕ, 30 ಸಾವಿರ ನೋಂದಣಿ, 10 ಲಕ್ಷ ಜಿಎಸ್‌ಟಿ ಸೇರಿ 22 ಲಕ್ಷದ 30 ಸಾವಿರ ರೂಪಾಯಿ ಹೆಚ್ಚುವರಿ. ಇದರ ಮೇಲೆ ದಲ್ಲಾಳಿ. ಶೇ 2 ಎಂದಾದರೆ ಇನ್ನೂ 4 ಲಕ್ಷ. ಗೃಹಸಾಲಕ್ಕೆಂದು ಕೂಡಿಟ್ಟ ಮುಂಗಡ ಹಣ ಇದರಲ್ಲೇ ಕರಗಿ ಕೊನೆ ಗಳಿಗೆಯಲ್ಲಿ ಪರದಾಡುವ ಕುಟುಂಬಗಳು ಕಡಿಮೆಯೇನಲ್ಲ.

ಹೋಮ್‌ಪೇಜ್‌ನಲ್ಲಿ ಒಂದು ಪುಟ್ಟ ಕ್ಯಾಲ್ಕುಲೇಟರ್ ಇಟ್ಟು, ಬೆಲೆ ಹಾಕಿದರೆ ಒಟ್ಟು ಖರ್ಚು ತೋರಿಸುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ದರಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಯಾವ ದಿನಾಂಕದ ದರ ಎಂದು ಪಕ್ಕದಲ್ಲಿ ಬರೆಯಬೇಕು. ಹಾಗೆಯೇ ತನ್ನ ದಲ್ಲಾಳಿ ಎಷ್ಟು, ಯಾವಾಗ ಕೊಡಬೇಕು ಎಂಬುದನ್ನೂ ಏಜೆಂಟ್ ಮುಚ್ಚುಮರೆ ಇಲ್ಲದೆ ಹಾಕಬೇಕು.

ಮನೆ ಮಾರುವವರಿಗೂ ಇಂಥದ್ದೇ ಸೌಲಭ್ಯ ಬೇಕು. 'ನಿಮ್ಮ ಮನೆಗೆ ಅತಿ ಹೆಚ್ಚು ಬೆಲೆ' ಎಂಬ ಭರವಸೆಗಿಂತ, ಅದೇ ರಸ್ತೆಯಲ್ಲಿ ಇತ್ತೀಚೆಗೆ ನೋಂದಣಿಯಾದ ವ್ಯವಹಾರಗಳ ಬೆಲೆ ತೋರಿಸುವುದು ಮೇಲು. ಮಹಾರಾಷ್ಟ್ರದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ವೆಬ್‌ಸೈಟ್‌ನಲ್ಲಿ ಇಂಡೆಕ್ಸ್-2 ದಾಖಲೆಗಳನ್ನು ಹುಡುಕುವ ಅವಕಾಶ ಇದೆ. ವ್ಯಕ್ತಿಗಳ ಹೆಸರು, ಮನೆ ನಂಬರ್ ಹಾಕದೆ ಬೆಲೆ ಮತ್ತು ಅಳತೆಯನ್ನು ಮಾತ್ರ ಹೇಳಿದರೆ ಸಾಕು.

ನಿಲ್ದಾಣದಿಂದ 5 ನಿಮಿಷ: ಯಾರ ಲೆಕ್ಕದಲ್ಲಿ?

ಮುಂಬೈನಲ್ಲಿ ಮನೆಯ ಬೆಲೆಗೂ ರೈಲ್ವೆ ನಿಲ್ದಾಣಕ್ಕೂ ನೇರ ನಂಟು. ಹಾಗಾಗಿ 'ನಿಲ್ದಾಣದಿಂದ 5 ನಿಮಿಷ' ಎಂಬ ಸಾಲು ಎಲ್ಲಾ ಕಡೆ ಕಾಣುತ್ತದೆ. ಆದರೆ ನಡೆದೋ, ಟ್ಯಾಕ್ಸಿಯಲ್ಲೋ? ಹಳಿಯ ಯಾವ ಕಡೆ? ಪರೇಲ್ ಪೂರ್ವ ಮತ್ತು ಪಶ್ಚಿಮ ಭಾಗಗಳ ನಡುವೆ ಹಳಿ ದಾಟುವುದೇ ಒಂದು ಕೆಲಸ. ಪರೇಲ್ ಮತ್ತು ಪ್ರಭಾದೇವಿ ಭಾಗವನ್ನು ಜೋಡಿಸುತ್ತಿದ್ದ ಹಳೆಯ ಎಲ್ಫಿನ್‌ಸ್ಟನ್ ಮೇಲ್ಸೇತುವೆಯನ್ನು ಶಿವಡಿ-ವರ್ಲಿ ಸಂಪರ್ಕ ಮಾರ್ಗದ ಕಾಮಗಾರಿಗಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಲಾಯಿತು. ಅದಕ್ಕೂ ಮುಂಚೆ ಬರೆದಿಟ್ಟ ಟ್ಯಾಕ್ಸಿ ಲೆಕ್ಕಗಳೆಲ್ಲ ಒಂದೇ ದಿನದಲ್ಲಿ ಸುಳ್ಳಾದವು.

ಅದಕ್ಕಾಗಿ ನಿಮಿಷದ ಜೊತೆ 'ನಡೆದು' ಅಥವಾ 'ವಾಹನದಲ್ಲಿ' ಎಂದು ಬರೆದು, ಮ್ಯಾಪ್ ಲಿಂಕ್ ಕೊಡಿ. ಭದ್ರತೆಯ ಕಾರಣಕ್ಕೆ ಮನೆಯ ಖಚಿತ ವಿಳಾಸ ಹಾಕಲಾಗದಿದ್ದರೂ ರಸ್ತೆಯ ಹೆಸರನ್ನಾದರೂ ಹೇಳಿ. ಮಳೆಗಾಲದಲ್ಲಿ ಆ ರಸ್ತೆಯಲ್ಲಿ ನೀರು ನಿಲ್ಲುತ್ತದೆಯೇ, ಗಣೇಶೋತ್ಸವದ ದಿನಗಳಲ್ಲಿ ಲಾಲ್‌ಬಾಗ್ ಕಡೆ ವಾಹನ ಹೋಗುತ್ತದೆಯೇ, ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂಬಂಥ ಮಾಹಿತಿ ಸ್ಥಳೀಯ ಏಜೆಂಟ್ ಬಿಟ್ಟರೆ ಬೇರೆ ಯಾರೂ ಕೊಡಲಾರರು. ಹೋಮ್‌ಪೇಜ್‌ನಲ್ಲಿ 'ನಮ್ಮ ಏರಿಯಾ' ಎಂಬ ಚಿಕ್ಕ ವಿಭಾಗಕ್ಕೆ ಜಾಗ ಇರಬೇಕು ಎನ್ನುವುದು ಇದಕ್ಕೇ.

ಪುಟ ತೆರೆಯಲು ಎಷ್ಟು ಸೆಕೆಂಡ್?

ಇಷ್ಟೆಲ್ಲಾ ಹಾಕಿದ ಮೇಲೂ ಪುಟ ತೆರೆಯಲು ಹತ್ತು ಸೆಕೆಂಡ್ ಹಿಡಿದರೆ ನೋಡುವವರೇ ಇರುವುದಿಲ್ಲ. ಗೂಗಲ್ ಈ ವಿಚಾರದಲ್ಲಿ ಮೂರು ಅಳತೆಗಳನ್ನು ಇಟ್ಟಿದೆ. ಪುಟದ ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು. ಬಟನ್ ಒತ್ತಿದರೆ 200 ಮಿಲಿಸೆಕೆಂಡ್ ಒಳಗೆ ಪ್ರತಿಕ್ರಿಯೆ ಬರಬೇಕು. ಮೂರನೆಯದು, ಓದುತ್ತಿರುವಾಗ ಪುಟ ಮೇಲೆ ಕೆಳಗೆ ಜಿಗಿಯಬಾರದು. ಇದರ ಸೂಚ್ಯಂಕ 0.1ಕ್ಕಿಂತ ಹೆಚ್ಚಿರಬಾರದು. 'ಪೇಜ್‌ಸ್ಪೀಡ್ ಇನ್‌ಸೈಟ್ಸ್' ಎಂಬ ಗೂಗಲ್‌ನ ಉಚಿತ ಸಾಧನದಲ್ಲಿ ವಿಳಾಸ ಹಾಕಿದರೆ ನಿಮ್ಮ ಪುಟದ ಸ್ಥಿತಿ ಗೊತ್ತಾಗುತ್ತದೆ.

ಏಜೆಂಟರ ಪುಟಗಳು ನಿಧಾನವಾಗಲು ಮುಖ್ಯ ಕಾರಣ ಫೋಟೊಗಳು. ಫೋನ್‌ನಲ್ಲಿ ತೆಗೆದ ಒಂದು ಫೋಟೊ 4 ಎಂಬಿ ಇದ್ದು, ಅಂಥ ಐದನ್ನು ಮೇಲೆ ಹಾಕಿದರೆ 20 ಎಂಬಿ ಆಗುತ್ತದೆ. ಗಾತ್ರ ಇಳಿಸಿ ವೆಬ್‌ಪಿ ಮಾದರಿಗೆ ಬದಲಿಸಿದರೆ ಒಂದು ಚಿತ್ರ ಕೆಲವು ನೂರು ಕೆಬಿಗೆ ಇಳಿಯುತ್ತದೆ. ಕೆಳಗಿರುವ ಚಿತ್ರಗಳು ಬೆರಳು ಅಲ್ಲಿಗೆ ತಲುಪಿದಾಗ ಮಾತ್ರ ಲೋಡ್ ಆಗುವಂತೆ ಮಾಡಬಹುದು. ಮೊದಲ ಪರದೆಯ ಚಿತ್ರಕ್ಕೆ ಮಾತ್ರ ಈ ವಿಧಾನ ಬೇಡ, ಅದು ಕೂಡಲೇ ಕಾಣಬೇಕು. ತಾನಾಗಿಯೇ ಓಡುವ ವಿಡಿಯೊ, ಹಾಡು ಖಂಡಿತ ಬೇಡ.

ಭಾಷೆ: ಮರಾಠಿ, ಇಂಗ್ಲಿಷ್, ಜೊತೆಗೆ ಕನ್ನಡ?

ಪರೇಲ್‌ನಲ್ಲಿ ಮರಾಠಿ ಇಲ್ಲದ ಹೋಮ್‌ಪೇಜ್ ಅರ್ಧ ಗಿರಾಕಿಗಳಿಗೆ ಬಾಗಿಲು ಮುಚ್ಚಿದಂತೆ. ಚಾಳ್‌ನ ಕೋಣೆ ಮಾರಲು ಬಯಸುವ ಹಿರಿಯರಿಗೆ ಇಂಗ್ಲಿಷ್ ಫಾರ್ಮ್ ಕೊಟ್ಟು ಪ್ರಯೋಜನವಿಲ್ಲ. ಮುಂಬೈ ಕನ್ನಡಿಗರ ನಡುವೆ ಕೆಲಸ ಮಾಡುವ ಏಜೆಂಟ್ ಆದರೆ, ಅಥವಾ ಆಸ್ಪತ್ರೆಗೆ ಬರುವ ಕರ್ನಾಟಕದ ಕುಟುಂಬಗಳಿಗೆ ನೆರವಾಗುವವರಾದರೆ, ಕನ್ನಡದಲ್ಲಿ ಒಂದು ಪುಟ ಇದ್ದರೆ ಬಹಳ ಅನುಕೂಲ.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಯಂತ್ರದ ಅನುವಾದವನ್ನು ಹಾಗೆಯೇ ಹಾಕಬೇಡಿ. ಪಗ್ಡಿ, ಠೇವಣಿ, ಒಸಿಯಂಥ ಪದ ಒಂದು ತಪ್ಪಾದರೂ ಲಕ್ಷಾಂತರ ರೂಪಾಯಿಯ ಗೊಂದಲ ಆಗುತ್ತದೆ. ಎರಡನೆಯದು, ಯೂನಿಕೋಡ್ ಫಾಂಟ್‌ನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟ್‌ಗಳ ಆಸ್ಕಿ ಅಕ್ಷರ ಅಥವಾ ಚಿತ್ರದೊಳಗೆ ಬರೆದ ಕನ್ನಡವನ್ನು ಹುಡುಕಾಟದ ವೇಳೆ ಗೂಗಲ್ ಸರಿಯಾಗಿ ಗುರುತಿಸದು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗುವುದಿಲ್ಲ.

ಫೋನ್ ನಂಬರ್ ಕೇಳುವ ಮುನ್ನ

ಬೆಲೆ ನೋಡಬೇಕಾದರೆ ಮೊದಲು ನಂಬರ್ ಕೊಡಿ ಎನ್ನುವ ಪೆಟ್ಟಿಗೆಯನ್ನು ಕಂಡರೆ ಜನ ಓಡುತ್ತಾರೆ. ಕೊಟ್ಟ ನಂಬರ್ ಎಲ್ಲೆಲ್ಲೋ ಹೋಗಿ ಸಾಲದ ಕಂಪನಿಗಳಿಂದ, ಒಳಾಂಗಣ ವಿನ್ಯಾಸದವರಿಂದ ಕರೆ ಬರುವುದು ಎಲ್ಲರಿಗೂ ಗೊತ್ತಿರುವ ಕಥೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಹಿತಿ ಯಾಕೆ ಬೇಕು ಎಂದು ತಿಳಿಸಿ, ಸ್ಪಷ್ಟ ಒಪ್ಪಿಗೆ ಪಡೆಯಬೇಕು. ಆ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎಂದೂ ಕಾಯ್ದೆ ಹೇಳುತ್ತದೆ. ಕನ್ನಡ, ಮರಾಠಿ ಎರಡೂ ಆ ಪಟ್ಟಿಯಲ್ಲಿವೆ.

ಸಂಪರ್ಕ ಫಾರ್ಮ್‌ನಲ್ಲಿ ಹೆಸರು, ನಂಬರ್, ಏನು ಬೇಕು ಎಂಬ ಮೂರು ಪ್ರಶ್ನೆ ಸಾಕು. ಸಂಬಳ, ಜಾತಿ, ಧರ್ಮ, ಊಟದ ಪದ್ಧತಿ ಕೇಳುವ ಕಾಲಂಗಳು ಬೇಡ. ಪರದೆಯ ತಳದಲ್ಲಿ 'ಕರೆ ಮಾಡಿ' ಮತ್ತು 'ವಾಟ್ಸ್‌ಆ್ಯಪ್' ಎಂಬ ಎರಡು ಬಟನ್ ಸದಾ ಇರಲಿ, ಹೆಬ್ಬೆರಳಿಗೆ ಸುಲಭವಾಗಿ ಸಿಗುವಷ್ಟು ದೊಡ್ಡದಾಗಿರಲಿ. ಯಾವ ಹೊತ್ತಿನಲ್ಲಿ ಉತ್ತರ ಸಿಗುತ್ತದೆ ಎಂದೂ ಬರೆಯಿರಿ.

ಗ್ರಾಹಕರ ಮೆಚ್ಚುಗೆಯ ಮಾತು ಹಾಕುವುದಾದರೆ ಅವರ ಒಪ್ಪಿಗೆ ಪಡೆದೇ ಹಾಕಬೇಕು. ಕಟ್ಟುಕಥೆಯ ಹೆಸರು, ಐದು ನಕ್ಷತ್ರಕ್ಕಿಂತ ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ನಿಜವಾದ ವಿಮರ್ಶೆಗಳಿಗೆ ಲಿಂಕ್ ಕೊಡುವುದು ಒಳ್ಳೆಯದು. ಅಲ್ಲಿ ಒಂದೆರಡು ದೂರು ಇದ್ದರೂ ಪರವಾಗಿಲ್ಲ, ಅದಕ್ಕೆ ಏಜೆಂಟ್ ಕೊಟ್ಟ ಉತ್ತರವನ್ನೂ ಜನ ಓದುತ್ತಾರೆ.

ಬೆಂಗಳೂರು, ಮಂಗಳೂರಿನವರಿಗೂ ಇದು ಅನ್ವಯಿಸುತ್ತದೆಯೇ?

ಖಂಡಿತ. ಹೆಸರುಗಳು ಮಾತ್ರ ಬದಲಾಗುತ್ತವೆ. ಮಹಾರೇರಾ ಜಾಗದಲ್ಲಿ ಕರ್ನಾಟಕ ರೇರಾ ನೋಂದಣಿ ಸಂಖ್ಯೆ ಬರುತ್ತದೆ. ಪಗ್ಡಿ ಎಂಬಲ್ಲಿ ಬೆಂಗಳೂರಿನಲ್ಲಿ ಎ ಖಾತಾ, ಬಿ ಖಾತಾ ಎಂಬ ವಿವರ ಬೇಕು. ನಿವೇಶನವಾದರೆ ಭೂ ಪರಿವರ್ತನೆ ಆಗಿದೆಯೇ, ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ ಪಡೆದು ನೋಡಲಾಗಿದೆಯೇ ಎಂದು ಬರೆಯಬೇಕು. 'ಏರ್‌ಪೋರ್ಟ್ ರಸ್ತೆ ಹತ್ತಿರ' ಎಂಬ ಬೆಂಗಳೂರಿನ ಜಾಹೀರಾತಿಗೂ 'ಪರೇಲ್ ಹತ್ತಿರ' ಎಂಬ ಮುಂಬೈ ಜಾಹೀರಾತಿಗೂ ಏನೂ ವ್ಯತ್ಯಾಸವಿಲ್ಲ. ಎರಡೂ ಕಡೆ ಕಿಲೋಮೀಟರ್ ಲೆಕ್ಕ ಕೇಳಬೇಕು.

ಪುಟ ಸಿದ್ಧವಾದ ಮೇಲೆ ಹೀಗೆ ಪರೀಕ್ಷಿಸಿ

ಲಕ್ಷ ರೂಪಾಯಿ ಖರ್ಚು ಮಾಡಿ ಪುಟ ಮಾಡಿಸಿದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ಈ ವ್ಯವಹಾರದ ಗಂಧಗಾಳಿ ಇಲ್ಲದ ಮೂರು ನಾಲ್ಕು ಜನರಿಗೆ, ಸಾಧ್ಯವಾದರೆ ಒಬ್ಬ ಹಿರಿಯರಿಗೂ, ಸಾಧಾರಣ ಫೋನ್‌ನಲ್ಲಿ ಮೊಬೈಲ್ ಡೇಟಾ ಬಳಸಿ ಪುಟ ತೆರೆಯಲು ಹೇಳಿ. ಪಕ್ಕದಲ್ಲಿ ನಿಂತು ವಿವರಿಸಬೇಡಿ. ಆಮೇಲೆ ಈ ಪ್ರಶ್ನೆ ಕೇಳಿ.

1. ಈ ಏಜೆಂಟ್ ಯಾವ ಏರಿಯಾದಲ್ಲಿ ಕೆಲಸ ಮಾಡುತ್ತಾರೆ?

2. ಇವರು ನೋಂದಾಯಿತರೇ ಎಂದು ನೀವೇ ಪರಿಶೀಲಿಸಬಲ್ಲಿರಾ?

3. ಮೊದಲ ಮನೆಯ ಕಾರ್ಪೆಟ್ ಏರಿಯಾ ಮತ್ತು ಬೆಲೆ ಎಷ್ಟು?

4. ಅದು ಮಾಲೀಕತ್ವದ ಮನೆಯೋ, ಪಗ್ಡಿಯೋ?

5. ಎಲ್ಲಾ ಸೇರಿ ಕೈಯಿಂದ ಎಷ್ಟು ಹಣ ಬೇಕು?

6. ಇವರಿಗೆ ಕರೆ ಮಾಡಬೇಕಾದರೆ ಎಲ್ಲಿ ಒತ್ತಬೇಕು?

ಆರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಆ ಭಾಗವನ್ನು ತಿದ್ದಬೇಕು. ಬಣ್ಣ, ಲೋಗೊ, ಅಕ್ಷರ ಶೈಲಿಯ ಚರ್ಚೆ ಅದಾದ ಮೇಲೆ.

ಇದೇ ಆರು ಪ್ರಶ್ನೆಗಳು ಮನೆ ಹುಡುಕುವ ಓದುಗರಿಗೂ ಉಪಯೋಗಕ್ಕೆ ಬರುತ್ತವೆ. ಯಾವುದೇ ಏಜೆಂಟ್‌ನ ಹೋಮ್‌ಪೇಜ್ ತೆರೆದಾಗ ಇವುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉತ್ತರ ಪುಟದಲ್ಲಿ ಇಲ್ಲದಿದ್ದರೆ ಫೋನ್‌ನಲ್ಲಿ ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೊಡಲು ಹೇಳಿ. ಬರೆದು ಕೊಡಲು ಹಿಂಜರಿದರೆ, ಟೋಕನ್ ಹಣ ಕೊಡುವ ಮೊದಲು ಇನ್ನೊಬ್ಬ ಏಜೆಂಟ್‌ನನ್ನು ನೋಡುವುದು ಒಳಿತು.